ಕಚೇರಿಯ ಬುತ್ತಿಗೆ ಚಿಕನ್ ರೋಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಪಾತಿಯೊಳಗೆ ಕೋಳಿಮಾಂಸದ ಪಲ್ಯ ಸುತ್ತಿ ಮಧ್ಯಾಹ್ನದ ಊಟಕ್ಕೆ ಒಯ್ಯುವುದು ಕೇಳಲು ಸುಲಭವಾದ ಕೆಲಸ. ಆದರೆ ಬೆಳಿಗ್ಗೆ ಎಂಟಕ್ಕೆ ಸೊಗಸಾಗಿದ್ದ ರೋಲ್ ಮಧ್ಯಾಹ್ನ ಒಂದಕ್ಕೆ ಡಬ್ಬಿ ತೆರೆದಾಗ ಒದ್ದೆಯಾಗಿ ಹರಿದಿರುತ್ತದೆ, ಇಲ್ಲವೇ ಚರ್ಮದಂತೆ ಬಿರುಸಾಗಿರುತ್ತದೆ. ಈ ವಿಷಯದಲ್ಲಿ ಜನರು ಕೇಳುವ ಪ್ರಶ್ನೆಗಳನ್ನು ಬಿಡಿಸುತ್ತ ಹೋದರೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬಂದು ನಿಲ್ಲುವುದು ನೀರಿನ ಬಳಿ: ಮಾಂಸ ಬಿಡುವ ನೀರು, ತರಕಾರಿ ಬಿಡುವ ನೀರು, ಮುಚ್ಚಿದ ಡಬ್ಬಿಯೊಳಗೆ ಬೆವರುವ ಆವಿ, ಚಪಾತಿ ಕಳೆದುಕೊಳ್ಳುವ ತೇವ. ಆದ್ದರಿಂದ ಇಲ್ಲಿನ ಉತ್ತರಗಳಲ್ಲಿ ಮಸಾಲೆಗಿಂತ ನೀರಿನ ಮಾತೇ ಹೆಚ್ಚು.

ಕಾಠಿ ರೋಲ್, ಫ್ರಾಂಕಿ, ಷವರ್ಮಾ, ರ‍್ಯಾಪ್ ಇವೆಲ್ಲ ಒಂದೇ ತಿಂಡಿಯ ಬೇರೆ ಬೇರೆ ಹೆಸರುಗಳೇ?

ಸುತ್ತುವ ಕ್ರಮ ಹೆಚ್ಚುಕಡಿಮೆ ಒಂದೇ, ಹುಟ್ಟಿದ ಮನೆಗಳು ಬೇರೆ. ಕಾಠಿ ರೋಲ್ ಕೋಲ್ಕತ್ತಾದ್ದು. 1932ರಲ್ಲಿ ಆರಂಭವಾದ ಅಲ್ಲಿನ ನಿಜಾಮ್ಸ್ ಹೋಟೆಲಿನೊಂದಿಗೆ ಅದರ ಹೆಸರು ಸೇರಿಕೊಂಡಿದೆ. ಬಂಗಾಳಿಯಲ್ಲಿ ಕಾಠಿ ಎಂದರೆ ಕಡ್ಡಿ. ಮೊದಲು ಕಬ್ಬಿಣದ ಸಲಾಕೆಗೆ ಪೋಣಿಸಿ ಸುಡುತ್ತಿದ್ದ ಮಾಂಸವನ್ನು 1960ರ ದಶಕದಲ್ಲಿ ಬಿದಿರಿನ ಕಡ್ಡಿಗೆ ಪೋಣಿಸಲು ತೊಡಗಿದ ಮೇಲೆ ಈ ಹೆಸರು ನಿಂತಿತು. ಫ್ರಾಂಕಿ ಅದೇ ದಶಕದ ಕೊನೆಯ ಭಾಗದಲ್ಲಿ ಮುಂಬೈಯಲ್ಲಿ ಹುಟ್ಟಿದ್ದು. ಬೈರೂತಿನಲ್ಲಿ ತಿಂದ ಸುತ್ತಿದ ರೊಟ್ಟಿಯ ನೆನಪಿನಲ್ಲಿ ಅದನ್ನು ರೂಪಿಸಿದವರು ವೆಸ್ಟ್ ಇಂಡೀಸಿನ ಕ್ರಿಕೆಟಿಗ ಫ್ರಾಂಕ್ ವೊರೆಲ್ ಅವರ ಹೆಸರನ್ನು ಅದಕ್ಕಿಟ್ಟರು. ಷವರ್ಮಾ ಎಂಬುದು ತಿರುಗಿಸುವುದು ಎಂಬ ಅರ್ಥದ ತುರ್ಕಿ ಪದದಿಂದ ಬಂದದ್ದು. ನಿಂತ ಕಂಬಿಯ ಮೇಲೆ ಸುತ್ತುತ್ತ ಬೇಯುವ ಮಾಂಸವೇ ಅದರ ಜೀವಾಳ, ಮನೆಯಲ್ಲಿ ಅದು ಸಾಧ್ಯವಿಲ್ಲ. ಇಲ್ಲಿ ಹೇಳುತ್ತಿರುವುದು ಕಾಠಿ ರೋಲಿನ ಮನೆಮಟ್ಟದ ತಂಗಿಯ ಬಗ್ಗೆ: ಮೈದಾ ಪರೋಟದ ಬದಲು ಗೋಧಿ ಚಪಾತಿ, ಕೆಂಡದ ಬದಲು ಕಾವಲಿ.

ಬೆಳಗಿನ ಗಡಿಬಿಡಿಯಲ್ಲಿ ಇದನ್ನು ನಿಜಕ್ಕೂ ಬೇಗ ಮಾಡಬಹುದೇ?

ಎಲ್ಲವನ್ನೂ ಬೆಳಿಗ್ಗೆಯೇ ಮಾಡಹೊರಟರೆ ಆಗುವುದಿಲ್ಲ. ಕೋಳಿಮಾಂಸ ಹೆಚ್ಚಿ, ಮಸಾಲೆ ಹಚ್ಚಿ ನೆನೆಸಿ, ಬೇಯಿಸಿ, ಹಿಟ್ಟು ನಾದಿ, ಲಟ್ಟಿಸಿ, ಸುತ್ತುವಷ್ಟರಲ್ಲಿ ಒಂದು ಗಂಟೆ ದಾಟುತ್ತದೆ. ಹಿಂದಿನ ರಾತ್ರಿಯೇ ಮಾಂಸವನ್ನು ಬೇಯಿಸಿ ಫ್ರಿಜ್ಜಿನಲ್ಲಿಟ್ಟು, ಹಿಟ್ಟನ್ನೂ ನಾದಿಟ್ಟುಕೊಂಡರೆ ಬೆಳಿಗ್ಗೆ ಉಳಿಯುವ ಕೆಲಸ ನಾಲ್ಕು ಚಪಾತಿ ಲಟ್ಟಿಸಿ ಬೇಯಿಸುವುದು, ಪಲ್ಯವನ್ನು ಹಬೆಯಾಡುವಂತೆ ಬಿಸಿ ಮಾಡುವುದು ಮತ್ತು ಈರುಳ್ಳಿ ಹೆಚ್ಚುವುದು ಮಾತ್ರ. ಕೈ ಪಳಗಿದವರಿಗೆ ಅದು ಹದಿನೈದರಿಂದ ಇಪ್ಪತ್ತು ನಿಮಿಷದ ಕೆಲಸ.

ವಾರದ ಲೆಕ್ಕಾಚಾರವನ್ನೂ ಇಲ್ಲಿ ಹೇಳಬೇಕು. ನಮ್ಮಲ್ಲಿ ಬಹಳ ಮನೆಗಳಲ್ಲಿ ಕೋಳಿ ಬರುವುದು ಭಾನುವಾರ, ಸೋಮವಾರ ಒಲೆಯ ಮೇಲೆ ಮಾಂಸ ಏರುವುದಿಲ್ಲ. ಹೀಗಾಗಿ ವಾರದ ಮೊದಲ ರೋಲ್ ಮಂಗಳವಾರಕ್ಕೆ ಬೀಳುತ್ತದೆ. ಹಸಿ ಮಾಂಸವನ್ನು ಅಲ್ಲಿಯವರೆಗೆ ಫ್ರಿಜ್ಜಿನಲ್ಲಿಡುವುದು ಒಳ್ಳೆಯದಲ್ಲ, ಏಕೆಂದರೆ ಹಸಿ ಕೋಳಿಗೆ ಅಲ್ಲಿ ಇರುವ ಅವಧಿ ಒಂದರಿಂದ ಎರಡು ದಿನ ಮಾತ್ರ. ಬೇಯಿಸಿದ ಕೋಳಿಯಾದರೆ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪಿನಲ್ಲಿ 3ರಿಂದ 4 ದಿನ ಚೆನ್ನಾಗಿರುತ್ತದೆ. ಆದ್ದರಿಂದ ಭಾನುವಾರ ಸಾರಿಗೆಂದು ತಂದ ಕೋಳಿಯ ಜೊತೆಗೆ ಅರ್ಧ ಕಿಲೋ ಮೂಳೆರಹಿತ ಮಾಂಸವನ್ನೂ ತಂದು, ಅದೇ ಸಂಜೆ ಬೇಯಿಸಿ, ಮಂಗಳವಾರ ಮತ್ತು ಬುಧವಾರ ಮುಗಿಸುವುದು ಅನುಕೂಲದ ದಾರಿ. ಗುರುವಾರ, ಶನಿವಾರ ಅಥವಾ ಇಡೀ ಶ್ರಾವಣ ಮಾಂಸ ಬಿಡುವವರು ತಮ್ಮ ಲೆಕ್ಕವನ್ನು ಇದಕ್ಕೆ ಹೊಂದಿಸಿಕೊಳ್ಳಬಹುದು.

ಕೋಳಿಯ ಯಾವ ಭಾಗ ತರಬೇಕು?

ತೊಡೆಯ ಮಾಂಸವನ್ನು, ಮೂಳೆ ಬಿಡಿಸಿ ಕೊಡುವಂತೆ ಕೇಳಿ ತನ್ನಿ. ಅಂಗಡಿಯಲ್ಲಿ ಬರೀ ಬೋನ್‌ಲೆಸ್ ಎಂದರೆ ಸಾಮಾನ್ಯವಾಗಿ ಎದೆಯ ಭಾಗವನ್ನೇ ಕತ್ತರಿಸಿ ಕೊಡುತ್ತಾರೆ. ಎದೆಯಲ್ಲಿ ಕೊಬ್ಬು ಕಡಿಮೆ. ಒಮ್ಮೆ ಬೇಯಿಸಿ ಕೂಡಲೇ ತಿನ್ನುವುದಾದರೆ ಅದೂ ಮೃದುವಾಗಿಯೇ ಇರುತ್ತದೆ, ಆದರೆ ಮರುದಿನ ಮತ್ತೆ ಬಿಸಿ ಮಾಡಿದಾಗ ನಾರುನಾರಾಗಿ ಗಂಟಲಲ್ಲಿ ಇಳಿಯದಂತಾಗುತ್ತದೆ. ತೊಡೆಯಲ್ಲಿ ಕೊಬ್ಬು ಮತ್ತು ಬೇಯುವಾಗ ಕರಗುವ ಜಿಗುಟು ನಾರು ಹೆಚ್ಚಿರುವುದರಿಂದ ಎರಡು ಸಲದ ಕಾವನ್ನು ಅದು ತಡೆದುಕೊಳ್ಳುತ್ತದೆ. ಎದೆಯ ಮಾಂಸವೇ ಸಿಕ್ಕಿದ್ದರೆ ಅದನ್ನು ನಾರಿಗೆ ಅಡ್ಡಲಾಗಿ ತೆಳ್ಳಗೆ ಹೆಚ್ಚಿ, ಮೊಸರಿನಲ್ಲಿ ಹೆಚ್ಚು ಹೊತ್ತು ನೆನೆಸಿ.

ತಂದ ಮಾಂಸವನ್ನು ತೊಳೆಯಬೇಕೇ?

ನಮ್ಮ ಅಡುಗೆಮನೆಗಳಲ್ಲಿ ತೊಳೆಯದ ಮಾಂಸವನ್ನು ಒಲೆಗೆ ಹಾಕುವ ಮಾತೇ ಇಲ್ಲ. ಅರಿಸಿನ, ಉಪ್ಪು ಹಾಕಿ ಮೂರು ನೀರಿನಲ್ಲಿ ತೊಳೆಯುವುದು ಪದ್ಧತಿ. ಆದರೆ ಅಮೆರಿಕ ಮತ್ತು ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆಗಳು ಹಸಿ ಕೋಳಿಯನ್ನು ತೊಳೆಯಬೇಡಿ ಎಂದೇ ಹೇಳುತ್ತವೆ. ನಲ್ಲಿಯ ಕೆಳಗೆ ಹಿಡಿದಾಗ ಸಿಡಿಯುವ ಹನಿಗಳೊಂದಿಗೆ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ಸೂಕ್ಷ್ಮಜೀವಿಗಳು ಸಿಂಕಿಗೂ ಪಕ್ಕದಲ್ಲಿಟ್ಟ ಸೊಪ್ಪಿಗೂ ಹರಡುತ್ತವೆ, ಕಾವಿನಲ್ಲಿ ಅವು ಹೇಗೂ ಸಾಯುತ್ತವೆ ಎಂಬುದು ಅವರ ಕಾರಣ. ಕಣ್ಣೆದುರೇ ಕೊಯ್ದು ಕೊಟ್ಟ ಮಾಂಸದಲ್ಲಿ ರಕ್ತ, ಪುಕ್ಕದ ಚೂರು ಇರುವುದು ಸಹಜವಾದ್ದರಿಂದ ತೊಳೆಯದೆ ಮನಸ್ಸು ಒಪ್ಪದಿದ್ದರೆ, ನಲ್ಲಿಯನ್ನು ಬಿಡದೆ ಆಳವಾದ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ. ಆಮೇಲೆ ಸಿಂಕ್ ಮತ್ತು ಕೈಯನ್ನು ಸೋಪಿನಿಂದ ತೊಳೆಯಿರಿ. ಎರಡರಲ್ಲಿ ಯಾವುದೇ ಆದರೂ ಮಸಾಲೆ ಹಚ್ಚುವ ಮುನ್ನ ಮಾಂಸದ ತೇವವನ್ನು ಕಾಗದದ ಟವೆಲಿನಿಂದ ಒತ್ತಿ ತೆಗೆಯಲೇಬೇಕು. ರೋಲಿನ ವಿಷಯದಲ್ಲಿ ಈ ಒಂದು ನಿಮಿಷದ ಕೆಲಸಕ್ಕೆ ಬಹಳ ಬೆಲೆಯಿದೆ.

ನಾಲ್ಕು ರೋಲುಗಳಿಗೆ ಅಳತೆ ಮತ್ತು ಕ್ರಮ ಹೇಗೆ?

ಮೂಳೆರಹಿತ ಕೋಳಿಮಾಂಸ 400 ಗ್ರಾಂ ಇರಲಿ. ಅದನ್ನು ಸುಮಾರು 2 ಸೆಂಟಿಮೀಟರ್ ಅಳತೆಯ ತುಂಡುಗಳಾಗಿ ಹೆಚ್ಚಿ. ಇದಕ್ಕಿಂತ ದೊಡ್ಡ ತುಂಡುಗಳು ಚಪಾತಿಯನ್ನು ಒಳಗಿನಿಂದಲೇ ತಿವಿದು ಹರಿಯುತ್ತವೆ. ಮಟ್ಟವಾದ ಒಂದು ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಎರಡು ಟೀ ಚಮಚ ಬ್ಯಾಡಗಿ ಮೆಣಸಿನ ಪುಡಿ, ಒಂದು ಟೀ ಚಮಚ ಧನಿಯಾ ಪುಡಿ, ಅರ್ಧರ್ಧ ಟೀ ಚಮಚ ಕಾಳುಮೆಣಸಿನ ಪುಡಿ ಮತ್ತು ಗರಂ ಮಸಾಲೆ, ಕಾಲು ಟೀ ಚಮಚ ಅರಿಸಿನ ಹಾಗೂ ಮೂರು ದೊಡ್ಡ ಚಮಚ ಗಟ್ಟಿ ಮೊಸರನ್ನು ಸೇರಿಸಿ ಕಲಸಿ. ಗಟ್ಟಿ ಮೊಸರೆಂದರೆ ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ನೇತುಹಾಕಿ ನೀರು ಇಳಿಸಿದ ಮೊಸರು. ಹುಳಿ ಮೊಸರಿನ ಆಮ್ಲವು ಮಾಂಸವನ್ನು ಮೆದುಗೊಳಿಸುವುದರಿಂದ ಕನಿಷ್ಠ ಅರ್ಧ ಗಂಟೆ, ಬಿಡುವಿದ್ದರೆ ಫ್ರಿಜ್ಜಿನಲ್ಲಿ ಇಡೀ ರಾತ್ರಿ ನೆನೆಯಬಹುದು. ನಿಂಬೆರಸವನ್ನು ಮಾತ್ರ ನೆನೆಸುವಾಗ ಹಾಕಬೇಡಿ. ಅದರ ಹುಳಿ ಮೊಸರಿಗಿಂತ ಬಹಳ ತೀಕ್ಷ್ಣ, ಗಂಟೆಗಟ್ಟಲೆ ಬಿಟ್ಟರೆ ಮಾಂಸ ಮೇಲ್ಮೈಯಲ್ಲಿ ಬಿಳಿಚಿ ಸೀಮೆಸುಣ್ಣದಂತಾಗುತ್ತದೆ. ಬೆಂದ ಮೇಲೆ ಹಿಂಡಿದರೆ ಪರಿಮಳವೂ ಉಳಿಯುತ್ತದೆ.

ಬೇಯಿಸುವುದು ಅಗಲವಾದ ಕಬ್ಬಿಣದ ಕಾವಲಿಯಲ್ಲಿ ಅಥವಾ ಬಾಣಲೆಯಲ್ಲಿ, ದೊಡ್ಡ ಉರಿಯಲ್ಲಿ. ಎರಡು ದೊಡ್ಡ ಚಮಚ ಎಣ್ಣೆ ಚೆನ್ನಾಗಿ ಕಾದ ಮೇಲೆ ಅರ್ಧದಷ್ಟು ತುಂಡುಗಳನ್ನು ಮಾತ್ರ, ಒಂದಕ್ಕೊಂದು ತಾಗದಂತೆ ಹರಡಿ, ಎರಡು ನಿಮಿಷ ಮುಟ್ಟದೆ ಬಿಡಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಕಾವಲಿ ತಣ್ಣಗಾಗಿ, ಮಾಂಸ ನೀರು ಬಿಟ್ಟು, ಹುರಿಯುವುದರ ಬದಲು ತನ್ನದೇ ನೀರಿನಲ್ಲಿ ಕುದಿಯುತ್ತದೆ. ಆಗ ಸಿಗುವುದು ಸಾರಿನ ತುಂಡು, ರೋಲಿನ ತುಂಡಲ್ಲ. ಒಂದು ಮಗ್ಗುಲು ಕೆಂಪಗಾದ ಮೇಲೆ ತಿರುವಿ ಹಾಕಿ, ಉರಿ ತಗ್ಗಿಸಿ, ಒಟ್ಟು ಎಂಟು ಹತ್ತು ನಿಮಿಷ ಬೇಯಿಸಿ. ಮುಚ್ಚಳ ಮುಚ್ಚಬೇಡಿ. ಕೊನೆಯಲ್ಲಿ ಕಾವಲಿಯ ತಳಕ್ಕೆ ಹಿಡಿದ ಮಸಾಲೆ ತುಂಡುಗಳನ್ನೇ ಅಂಟಿಕೊಳ್ಳುವಷ್ಟು ಒಣಗಬೇಕು.

ಒಳಗೆ ಬೆಂದಿದೆ ಎಂದು ತಿಳಿಯುವುದು ಹೇಗೆ?

ಅಡುಗೆಯ ಥರ್ಮಾಮೀಟರ್ ಇದ್ದರೆ ದಪ್ಪ ತುಂಡಿನ ನಡುವೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಇಲ್ಲದಿದ್ದರೆ ಎಲ್ಲಕ್ಕಿಂತ ದೊಡ್ಡ ತುಂಡನ್ನು ಕತ್ತರಿಸಿ ನೋಡಿ: ಒಳಗೆ ಗಾಜಿನಂತೆ ಪಾರದರ್ಶಕವಾದ ಭಾಗ ಇರಬಾರದು, ಒಸರುವ ರಸ ತಿಳಿಯಾಗಿರಬೇಕು. ಮಸಾಲೆಯ ಬಣ್ಣ ನೋಡಿ ನಿರ್ಧರಿಸುವುದು ಮೋಸ.

ಹೋಟೆಲಿನ ರೋಲಿನಂಥ ಕೆಂಪು ಬಣ್ಣ ಮನೆಯಲ್ಲಿ ಏಕೆ ಬರುವುದಿಲ್ಲ?

ಹಲವು ಕಡೆ ಆ ಬಣ್ಣ ಪೊಟ್ಟಣದಿಂದ ಬರುತ್ತಿತ್ತು ಎಂಬುದೇ ಇದಕ್ಕೆ ಉತ್ತರ. ಕರ್ನಾಟಕದಲ್ಲಿ ಪರೀಕ್ಷೆಗೆ ಒಳಪಡಿಸಿದ ಕಬಾಬುಗಳಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್‌ನಂಥ ಬಣ್ಣಗಳು ಪತ್ತೆಯಾದ ಮೇಲೆ 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಕೋಳಿ, ಮೀನು ಮತ್ತು ತರಕಾರಿ ಕಬಾಬುಗಳಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಮನೆಯಲ್ಲಿ ಬಣ್ಣ ಬೇಕೆಂದರೆ ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮೆಣಸಿನಕಾಯಿಯೇ ಸಾಕು. ಅದರ ಗುಣವೇ ಖಾರ ಕಡಿಮೆ, ಬಣ್ಣ ಜಾಸ್ತಿ. ಪುಡಿಯನ್ನು ನೇರವಾಗಿ ಮಾಂಸಕ್ಕೆ ಹಾಕುವ ಮೊದಲು ಒಂದು ಚಮಚ ಉಗುರುಬೆಚ್ಚಗಿನ ಎಣ್ಣೆಯಲ್ಲಿ ಕಲಸಿದರೆ ಬಣ್ಣ ಇನ್ನೂ ಚೆನ್ನಾಗಿ ಬಿಡುತ್ತದೆ, ಏಕೆಂದರೆ ಮೆಣಸಿನ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು, ನೀರಿನಲ್ಲಿ ಅಲ್ಲ.

ಚಪಾತಿ ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗಿ ಸುತ್ತಿದಲ್ಲೇ ಸೀಳುತ್ತದೆ. ಏನು ಮಾಡಬೇಕು?

ತಪ್ಪು ಸಾಮಾನ್ಯವಾಗಿ ಮೂರು ಕಡೆ ಇರುತ್ತದೆ. ಮೊದಲನೆಯದು ಹಿಟ್ಟು. ನಾಲ್ಕು ರೋಲಿಗೆ 180 ಗ್ರಾಂ ಗೋಧಿ ಹಿಟ್ಟಿಗೆ ಅರ್ಧ ಟೀ ಚಮಚ ಉಪ್ಪು, ಎರಡು ಟೀ ಚಮಚ ಎಣ್ಣೆ ಹಾಕಿ, ಸುಮಾರು 120 ಮಿಲಿಲೀಟರ್ ಬೆಚ್ಚಗಿನ ನೀರಿನಲ್ಲಿ, ಎಂದಿನ ಚಪಾತಿಗಿಂತ ಒಂದು ಕೈ ಮೆತ್ತಗೆ ನಾದಿ. ನೀರಿನ ಅರ್ಧ ಪಾಲು ಹಾಲನ್ನು ಹಾಕಿದರೆ ಇನ್ನಷ್ಟು ಮೃದು. ಹಿಟ್ಟಿನಿಂದ ಹಿಟ್ಟಿಗೆ ನೀರು ಹೀರುವ ಪ್ರಮಾಣ ಬದಲಾಗುವುದರಿಂದ ಕೊನೆಯ ಎರಡು ಚಮಚ ನೀರನ್ನು ಕೈಯ ಅಂದಾಜಿಗೆ ಬಿಡಿ. ನಾದಿದ ಹಿಟ್ಟು ಒದ್ದೆ ಬಟ್ಟೆಯ ಕೆಳಗೆ ಅರ್ಧ ಗಂಟೆ ವಿರಮಿಸಬೇಕು. ಅಷ್ಟರಲ್ಲಿ ಅದರ ಅಂಟು ಸಡಿಲಗೊಂಡು, ಲಟ್ಟಿಸುವಾಗ ಹಿಂದಕ್ಕೆ ಜಗ್ಗುವುದಿಲ್ಲ.

ಎರಡನೆಯದು ಉರಿ, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ಸೀಯಬಾರದೆಂದು ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸಿದ ಚಪಾತಿಯಿಂದ ನೀರೆಲ್ಲ ಹೋಗಿ ಅದು ಹಪ್ಪಳದ ದಾರಿ ಹಿಡಿಯುತ್ತದೆ. ಕಾವಲಿ ಚೆನ್ನಾಗಿ ಕಾದಿರಬೇಕು, ಚಪಾತಿ ಒಂದು, ಒಂದೂವರೆ ನಿಮಿಷದಲ್ಲಿ ಬೆಂದು ಇಳಿಯಬೇಕು. ಲಟ್ಟಿಸುವಾಗ ಉದುರಿಸುವ ಒಣ ಹಿಟ್ಟನ್ನೂ ಕಡಿಮೆ ಮಾಡಿ. ಮೂರನೆಯದು ಇಳಿಸಿದ ಮೇಲಿನ ಒಂದೆರಡು ನಿಮಿಷ: ಎಣ್ಣೆ ಸವರಿ, ಒಂದರ ಮೇಲೊಂದು ಪೇರಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿಟ್ಟರೆ ತಮ್ಮ ಆವಿಯಲ್ಲೇ ಅವು ಮೆತ್ತಗಾಗುತ್ತವೆ. ತಣ್ಣಗಾದ ಚಪಾತಿ ಸ್ವಲ್ಪ ಬಿರುಸಾಗುವುದು ಹಿಟ್ಟಿನ ಪಿಷ್ಟದ ಸ್ವಭಾವ, ಪೂರ್ತಿ ತಪ್ಪಿಸಲಾಗದು. ಮತ್ತೆ ಬೆಚ್ಚಗೆ ಮಾಡಿದರೆ ಮೃದುತ್ವ ಮರಳುತ್ತದೆ.

ಅಕ್ಕಿ ರೊಟ್ಟಿ, ಜೋಳದ ರೊಟ್ಟಿ ಅಥವಾ ನೀರುದೋಸೆಯಲ್ಲಿ ಸುತ್ತಬಹುದೇ?

ಇವುಗಳಲ್ಲಿ ಗೋಧಿಯ ಅಂಟು ಇಲ್ಲದಿರುವುದರಿಂದ ಎಲ್ಲವೂ ಸುತ್ತಿಗೆ ಬಗ್ಗುವುದಿಲ್ಲ. ಕೊಡಗಿನವರು ಅನ್ನವನ್ನು ಅಕ್ಕಿ ಹಿಟ್ಟಿನ ಜೊತೆ ನಾದಿ ಮಾಡುವ ಅಕ್ಕಿ ಒಟ್ಟಿ ನಿಜಕ್ಕೂ ಚೆನ್ನಾಗಿ ಬಗ್ಗುತ್ತದೆ. ಕಾಳುಮೆಣಸು ಹಾಗೂ ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿ ಹಾಕಿ ಹುರಿದ ಕೋಳಿಗೆ ಅದಕ್ಕಿಂತ ಒಳ್ಳೆಯ ಹೊದಿಕೆ ನನಗೆ ತಿಳಿದಿಲ್ಲ. ಈರುಳ್ಳಿ, ಸಬ್ಬಸಿಗೆ ಹಾಕಿ ತಟ್ಟುವ ಬಯಲುಸೀಮೆಯ ಅಕ್ಕಿ ರೊಟ್ಟಿ ಮಡಚಿದರೆ ಮುರಿಯುತ್ತದೆ. ಜೋಳದ ರೊಟ್ಟಿ ಬಿಸಿಯಿರುವಾಗ ಅರ್ಧಕ್ಕೆ ಮಡಚಲು ಒಪ್ಪುತ್ತದೆ, ಡಬ್ಬಿಗೆ ಹೋಗಿ ತಣ್ಣಗಾದರೆ ಒಪ್ಪುವುದಿಲ್ಲ. ನೀರುದೋಸೆ ಬೇಕಾದಂತೆ ಬಗ್ಗಿದರೂ ಒದ್ದೆ ಪಲ್ಯದ ಭಾರ ತಾಳದು. ಅದನ್ನು ಮನೆಯ ತಟ್ಟೆಗೆ ಇಟ್ಟುಕೊಳ್ಳುವುದು ಲೇಸು. ಇನ್ನು ಕರಾವಳಿಯ ಕೋರಿ ರೊಟ್ಟಿಯ ಗರಿಗರಿ ಹಾಳೆಗಳನ್ನು ಸುತ್ತುವ ಪ್ರಶ್ನೆಯೇ ಬರುವುದಿಲ್ಲ.

ರೋಲ್ ಒದ್ದೆಯಾಗದಂತೆ ಒಳಗೆ ಏನನ್ನು, ಯಾವ ಕ್ರಮದಲ್ಲಿ ಇಡಬೇಕು?

ಕೋಲ್ಕತ್ತಾದ ಬೀದಿಯವರು ಇದಕ್ಕೆ ಬಹಳ ಹಿಂದೆಯೇ ಉಪಾಯ ಕಂಡುಕೊಂಡಿದ್ದಾರೆ: ಮೊಟ್ಟೆ. ಕಾವಲಿಗೆ ಒಂದು ಮೊಟ್ಟೆ ಒಡೆದು, ಚಿಟಿಕೆ ಉಪ್ಪು ಹಾಕಿ ತೆಳ್ಳಗೆ ಹರಡಿ, ಅದು ಹಸಿಯಿರುವಾಗಲೇ ಮುಕ್ಕಾಲು ಬೆಂದ ಚಪಾತಿಯನ್ನು ಅದರ ಮೇಲೆ ಒತ್ತಿ, ಮೊಟ್ಟೆ ಪೂರ್ತಿ ಗಟ್ಟಿಯಾಗುವವರೆಗೆ ಬೇಯಿಸಿ ತಿರುವಿ ಹಾಕಿದರೆ ಚಪಾತಿಯ ಒಳಮೈಗೆ ಒಂದು ಪದರ ಅಂಟಿಕೊಳ್ಳುತ್ತದೆ. ರುಚಿ ಒಂದು ಕಡೆಗಿರಲಿ, ಪಲ್ಯದ ತೇವ ಚಪಾತಿಗೆ ಇಳಿಯದಂತೆ ತಡೆಯುವುದು ಈ ಪದರವೇ. ಮೊಟ್ಟೆ ಬೇಡವೆನ್ನುವವರು ತೆಳುವಾಗಿ ಬೆಣ್ಣೆ ಸವರಿ, ಅದರ ಮೇಲೆ ಒರೆಸಿ ಒಣಗಿಸಿದ ಲೆಟ್ಯೂಸ್ ಅಥವಾ ಎಳೆ ಎಲೆಕೋಸಿನ ಎಲೆಯನ್ನು ಹಾಸಬಹುದು.

ತರಕಾರಿಗಳಲ್ಲಿ ಈರುಳ್ಳಿ, ಎಲೆಕೋಸು, ಗಜ್ಜರಿ ಮತ್ತು ದೊಣ್ಣೆಮೆಣಸಿನಕಾಯಿ ಬುತ್ತಿಗೆ ಹೊಂದುವಂಥವು. ಈರುಳ್ಳಿಯನ್ನು ತೆಳುವಾಗಿ ಹೆಚ್ಚಿ, ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಹಿಂಡಿ, ಆಮೇಲೆ ನಿಂಬೆರಸ ಬೆರೆಸಿ. ಉಪ್ಪು ಹಾಕಿ ಹಿಂಡದೆ ಹಾಗೆಯೇ ಸುತ್ತಿದರೆ ಅದು ನೀರು ಬಿಡುವ ಕೆಲಸವನ್ನು ಡಬ್ಬಿಯೊಳಗೆ ಮಾಡುತ್ತದೆ. ಸೌತೆಕಾಯಿಗೂ ಇದೇ ಉಪಚಾರ. ಟೊಮೆಟೊ ಬೇಕೇ ಬೇಕೆಂದರೆ ಬೀಜ, ತಿರುಳು ತೆಗೆದು ಹೊರಮೈಯನ್ನು ಮಾತ್ರ ಹಾಕಿ. ನನ್ನ ಮಟ್ಟಿಗೆ ಅದಿಲ್ಲದೆಯೇ ರೋಲ್ ಚೆನ್ನ. ಪುದೀನ ಕೊತ್ತಂಬರಿ ಚಟ್ನಿಯನ್ನು ನೀರು ಹಾಕದೆ, ಒಂದು ಚಮಚ ಹುರಿಗಡಲೆ ಸೇರಿಸಿ ರುಬ್ಬಿದರೆ ಹರಿಯದೆ ನಿಲ್ಲುತ್ತದೆ. ಹಸಿ ತೆಂಗಿನಕಾಯಿ ಮಾತ್ರ ಈ ಚಟ್ನಿಗೆ ಬೇಡ, ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಹುಳಿಯುವುದು ಮೊದಲು ಅದೇ.

ಸುತ್ತುವ ಮುನ್ನ ಪಲ್ಯದ ಹಬೆ ಅಡಗಬೇಕು. ಆವಿಯಾಡುವ ರೋಲನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಮುಚ್ಚಳದಲ್ಲಿ ಹನಿ ಕಟ್ಟಿ ಅದೇ ಮಳೆಯಾಗಿ ಇಳಿಯುತ್ತದೆ. ಅಗಲ ತಟ್ಟೆಯಲ್ಲಿ ಐದು ನಿಮಿಷ ಹರಡಿದರೆ ಸಾಕು.

ಮೇಯನೇಸ್ ಹಾಕಬಹುದೇ?

ಹಸಿ ಮೊಟ್ಟೆಯಿಂದ ಮಾಡಿದ ಮೇಯನೇಸ್ ಬುತ್ತಿಗೆ ಖಂಡಿತ ಬೇಡ. 2022ರ ಮೇ ತಿಂಗಳಲ್ಲಿ ನಮ್ಮ ಗಡಿಯಾಚೆಯ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಷವರ್ಮಾ ತಿಂದ ಹಲವರು ಅಸ್ವಸ್ಥರಾಗಿ, ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ಅಸ್ವಸ್ಥರಾದವರಲ್ಲಿ ಷಿಗೆಲ್ಲಾ ಸೂಕ್ಷ್ಮಜೀವಿ ಪತ್ತೆಯಾಯಿತು. ಅದಾದ ಮೇಲೆ ಇಂಥ ತಿನಿಸುಗಳ ಮೇಲೆ ಕಣ್ಣಿಟ್ಟ ಕೇರಳ 2023ರ ಆರಂಭದಲ್ಲಿ ಹಸಿ ಮೊಟ್ಟೆಯ ಮೇಯನೇಸನ್ನು ನಿಷೇಧಿಸಿತು. ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ತಲಾ ಒಂದು ವರ್ಷದ ಮಟ್ಟಿಗೆ ಅದೇ ದಾರಿ ಹಿಡಿದವು. ಪಾಶ್ಚರೀಕರಿಸಿದ ಅಥವಾ ಮೊಟ್ಟೆರಹಿತ ಮೇಯನೇಸ್ ಬಾಟಲಿಗಳು ಸಿಗುತ್ತವೆಯಾದರೂ ತೆರೆದ ಮೇಲೆ ಅವೂ ಫ್ರಿಜ್ಜಿನಲ್ಲೇ ಇರಬೇಕಾದವು. ನೀರಿಳಿಸಿದ ಗಟ್ಟಿ ಮೊಸರಿಗೆ ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಕಡೆದರೆ ಅದೇ ನುಣುಪು ಬರುತ್ತದೆ. ಅದನ್ನೂ ರೋಲಿನೊಳಗೆ ಬಳಿಯದೆ ಸಣ್ಣ ಡಬ್ಬಿಯಲ್ಲಿ ತಂಪಾಗಿ ಬೇರೆಯಾಗಿ ಒಯ್ಯಿರಿ.

ಬೆಳಿಗ್ಗೆ ಎಂಟಕ್ಕೆ ಕಟ್ಟಿದ ರೋಲನ್ನು ಮಧ್ಯಾಹ್ನ ಒಂದಕ್ಕೆ ತಿನ್ನಬಹುದೇ?

ಈ ಪ್ರಶ್ನೆಗೆ ಸಿಹಿಯಾದ ಉತ್ತರವಿಲ್ಲ. ಬೇಯಿಸಿದ ಮಾಂಸ 5ರಿಂದ 60 ಡಿಗ್ರಿ ನಡುವಿನ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಸುತ್ತಲಿನ ಬಿಸಿ 32 ಡಿಗ್ರಿ ದಾಟಿದರೆ ಒಂದೇ ಗಂಟೆ ಎಂಬುದು ಸುರಕ್ಷತೆಯ ಲೆಕ್ಕ. ಐದು ಗಂಟೆ ಚೀಲದಲ್ಲಿ ಕುಳಿತ ಡಬ್ಬಿ ಈ ಮಿತಿಯನ್ನು ದಾಟಿಬಿಟ್ಟಿರುತ್ತದೆ. ಇದುವರೆಗೆ ಏನೂ ಆಗಿಲ್ಲ ಎನ್ನುವವರು ಬಹಳ ಮಂದಿ ಇದ್ದಾರೆ, ಅವರಲ್ಲಿ ಹೆಚ್ಚಿನವರು ಡಿಸೆಂಬರಿನ ಬೆಂಗಳೂರಿನ ಮಾತಾಡುತ್ತಿರುತ್ತಾರೆ. ಏಪ್ರಿಲ್ಲಿನ ರಾಯಚೂರು, ಕಲಬುರಗಿಯಲ್ಲಿ ಆ ಧೈರ್ಯ ಬೇಡ.

ದಾರಿಗಳು ಮೂರಿವೆ. ಕಚೇರಿಯಲ್ಲಿ ಫ್ರಿಜ್ ಇದ್ದರೆ ತಲುಪಿದ ಕೂಡಲೇ ಡಬ್ಬಿಯನ್ನು ಅದರಲ್ಲಿಟ್ಟು ಊಟದ ಹೊತ್ತಿಗೆ ಬಿಸಿ ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ಎರಡನೆಯದು, ಪಲ್ಯವನ್ನು ಬೇರೆಯಾಗಿ ಸ್ಟೀಲಿನ ಫ್ಲಾಸ್ಕ್ ಡಬ್ಬಿಯಲ್ಲಿ ಒಯ್ಯುವುದು. ಡಬ್ಬಿಗೆ ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಹಬೆಯಾಡುವ ಪಲ್ಯವನ್ನು ಬಾಯಿವರೆಗೆ ತುಂಬಿ ಮುಚ್ಚಿದರೆ ಒಳ್ಳೆಯ ಡಬ್ಬಿಯಲ್ಲಿ ಅದು ಊಟದವರೆಗೆ ಕೈಸುಡುವಷ್ಟು ಬಿಸಿಯಿರುತ್ತದೆ; ಚಪಾತಿ, ಈರುಳ್ಳಿ ಬೇರೆ ಡಬ್ಬಿಯಲ್ಲಿ, ಸುತ್ತುವುದು ಅಲ್ಲಿಯೇ. ಒದ್ದೆಯಾಗುವ ತಕರಾರೂ ಇದರಲ್ಲಿ ಇಲ್ಲದಿರುವುದರಿಂದ ನನಗೆ ಈ ಕ್ರಮವೇ ಮೆಚ್ಚು. ಮೂರನೆಯದು, ಫ್ರಿಜ್ಜಿನಲ್ಲಿ ಪೂರ್ತಿ ತಣ್ಣಗಾದ ಪಲ್ಯವನ್ನು ತಂಪು ಕಾಯುವ ಚೀಲದಲ್ಲಿ ಹಿಮಗಟ್ಟಿಸಿದ ನೀರಿನ ಬಾಟಲಿಯ ಪಕ್ಕದಲ್ಲಿಟ್ಟು ಒಯ್ಯುವುದು. ಬೆಚ್ಚಗಿನ ರೋಲನ್ನು ಆ ಚೀಲದಲ್ಲಿಟ್ಟರೆ ಪ್ರಯೋಜನವಿಲ್ಲ. ಅದು ತಂಪನ್ನು ಕಾಯುವ ಚೀಲವೇ ಹೊರತು ತಂಪು ಮಾಡುವ ಚೀಲವಲ್ಲ.

ಮಕ್ಕಳ ಶಾಲೆಯ ಡಬ್ಬಿಗೆ?

ಮೊದಲು ಶಾಲೆಯ ನಿಯಮ ವಿಚಾರಿಸಿ. ಕೆಲವು ಶಾಲೆಗಳು ಮಾಂಸದ ಡಬ್ಬಿಯನ್ನು ಒಪ್ಪುವುದಿಲ್ಲ. ಒಪ್ಪಿದರೂ ಅಲ್ಲಿ ಮಕ್ಕಳಿಗೆ ಫ್ರಿಜ್ ಇರುವುದಿಲ್ಲವಾದ್ದರಿಂದ ಕಟ್ಟಿದ ಎರಡು ಗಂಟೆಯೊಳಗೆ ಬರುವ ತಿಂಡಿ ಬಿಡುವಿಗೆ ಮಾತ್ರ ಕಳಿಸುವುದು, ಇಲ್ಲವೇ ಮೇಲೆ ಹೇಳಿದ ಫ್ಲಾಸ್ಕ್ ಡಬ್ಬಿಯನ್ನು ಕೊಡುವುದು ಸೂಕ್ತ. ಮಾಂಸವನ್ನು ಇನ್ನೂ ಸಣ್ಣಗೆ ಹೆಚ್ಚಿ, ರೋಲನ್ನು ಮೂರು ತುಂಡು ಮಾಡಿ ಕಾಗದದಲ್ಲಿ ಬಿಗಿಯಾಗಿ ಸುತ್ತಿ ಕೊಡಿ.

ಭಾನುವಾರದ ಸಾರು ಅಥವಾ ಸುಕ್ಕ ಉಳಿದರೆ ಅದನ್ನೇ ಬಳಸಬಹುದಲ್ಲವೇ?

ಬಳಸಬಹುದು, ಆದರೆ ಇದ್ದಂತೆಯೇ ಅಲ್ಲ. ಸಾರಿನ ತುಂಡುಗಳನ್ನು ಎತ್ತಿ, ಮೂಳೆ ಬಿಡಿಸಿ, ಮಾಂಸವನ್ನು ಕೈಯಲ್ಲೇ ಎಳೆ ಎಳೆಯಾಗಿ ಬಿಡಿಸಿ. ಸಣ್ಣ ಚೂರು ಮೂಳೆ ಉಳಿಯದಂತೆ ಎರಡು ಬಾರಿ ತಡವಿ ನೋಡಿ, ಏಕೆಂದರೆ ರೋಲ್ ತಿನ್ನುವಾಗ ಯಾರೂ ಮೂಳೆಯ ನಿರೀಕ್ಷೆಯಲ್ಲಿ ಅಗಿಯುವುದಿಲ್ಲ. ಬಾಣಲೆಯಲ್ಲಿ ಈರುಳ್ಳಿ ಬಾಡಿಸಿ, ಈ ಮಾಂಸ ಮತ್ತು ಸಾರಿನ ತಳದ ಗಟ್ಟಿ ಮಸಾಲೆಯ ಎರಡು ಚಮಚ ಹಾಕಿ, ತೇವ ಆರುವವರೆಗೆ ಹುರಿದರೆ ಒಳ್ಳೆಯ ಪಲ್ಯ ಸಿದ್ಧ. ಮಂಗಳೂರು ಕಡೆಯ ಸುಕ್ಕ ಒಣಗಿದ್ದೇ ಆದರೂ ಅದರಲ್ಲಿ ತೆಂಗಿನತುರಿ ಇರುವುದರಿಂದ ಸೋಮವಾರ ದಾಟಿಸಬೇಡಿ. ಕುಂದಾಪುರದ ಘೀ ರೋಸ್ಟ್ ಮಾತ್ರ ರೋಲಿಗೆಂದೇ ಹುಟ್ಟಿದಂತಿದೆ: ಹುಣಸೆಹುಳಿ ಮತ್ತು ಬ್ಯಾಡಗಿ ಮೆಣಸಿನ ಮಸಾಲೆ ತುಪ್ಪದಲ್ಲಿ ಮುದ್ದೆಗಟ್ಟಿ ತುಂಡಿಗೆ ಅಂಟಿಕೊಂಡಿರುತ್ತದೆ, ಹರಿಯುವುದಿಲ್ಲ. ತಣ್ಣಗಾದರೆ ತುಪ್ಪ ಹೆಪ್ಪುಗಟ್ಟಿ ನಾಲಿಗೆಗೆ ಮೆತ್ತುತ್ತದೆ, ಆದ್ದರಿಂದ ಅದನ್ನು ಬಿಸಿ ಮಾಡುವ ಅನುಕೂಲ ಇರುವ ಕಡೆಗೆ ಮಾತ್ರ ಒಯ್ಯಿರಿ. ಉಳಿದದ್ದನ್ನು ಹೀಗೆ ಒಮ್ಮೆ ಬಿಸಿ ಮಾಡಿದ ಮೇಲೆ ಮತ್ತೆ ಉಳಿಸಿ ಮೂರನೇ ಬಾರಿಗೆ ಇಡಬಾರದು.

ಸುತ್ತುವುದು ಹೇಗೆ? ಯಾವ ಕಾಗದ?

ಚಪಾತಿ 22 ಸೆಂಟಿಮೀಟರ್ ಅಗಲವಾದರೂ ಇರಲಿ. ಪಲ್ಯವನ್ನು ನಡುವಿನಲ್ಲಲ್ಲ, ಒಂದು ಪಕ್ಕದ ಮೂರನೇ ಒಂದು ಭಾಗದಲ್ಲಿ ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಹರಡಿ, ಕೆಳ ತುದಿಯಲ್ಲಿ ಮೂರು ಬೆರಳು ಜಾಗ ಬಿಡಿ. ಆ ತುದಿಯನ್ನು ಮೊದಲು ಮೇಲಕ್ಕೆ ಮಡಚಿ, ಆಮೇಲೆ ಪಕ್ಕದಿಂದ ಬಿಗಿಯಾಗಿ ಉರುಳಿಸಿಕೊಂಡು ಹೋಗಿ. ಮಡಿಕೆಯ ಮಗ್ಗುಲನ್ನು ಕೆಳಗೆ ಮಾಡಿ ಬಿಸಿ ಕಾವಲಿಯ ಮೇಲೆ ಅರ್ಧ ನಿಮಿಷ ಒತ್ತಿದರೆ ಅದು ಬಿಚ್ಚಿಕೊಳ್ಳುವುದಿಲ್ಲ.

ಬಟರ್ ಪೇಪರ್ ಉತ್ತಮ. ಬಾಡಿಸಿದ ಬಾಳೆಎಲೆ ಇನ್ನೂ ಉತ್ತಮ, ಸಿಕ್ಕುವ ಕಡೆ. ಅಲ್ಯೂಮಿನಿಯಂ ಹಾಳೆ ನಿಂಬೆ, ಹುಣಸೆಯಂಥ ಹುಳಿಗೆ ನೇರವಾಗಿ ತಾಗದಂತೆ ಹೊರಸುತ್ತಿಗೆ ಮಾತ್ರ ಇರಲಿ. ಪತ್ರಿಕೆಯ ಹಾಳೆ ಕೂಡದು; ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆ, 2018ರ ಪ್ಯಾಕೇಜಿಂಗ್ ನಿಯಮಗಳಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೂ ಅದನ್ನು ನಿಷೇಧಿಸಿದೆ.

ಒಂದು ರೋಲ್ ಊಟಕ್ಕೆ ಸಾಕಾಗುತ್ತದೆಯೇ?

ಇಲ್ಲಿನ ಅಳತೆಯಲ್ಲಿ ಒಂದು ರೋಲಿಗೆ 100 ಗ್ರಾಂ ಹಸಿ ಮಾಂಸ ಬೀಳುತ್ತದೆ, ಅದರಲ್ಲಿಯೇ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ. ಕುಳಿತು ಕೆಲಸ ಮಾಡುವವರಿಗೆ ಒಂದು ರೋಲ್, ಒಂದು ಹಣ್ಣು, ಒಂದು ಲೋಟ ಮಜ್ಜಿಗೆ ಸಾಕು. ಓಡಾಟದ ಕೆಲಸದವರು ಎರಡು ಒಯ್ಯಲಿ.

ಫ್ರೀಜರಿನಲ್ಲಿ ಇಡಬಹುದೇ?

ಪಲ್ಯವನ್ನು ಇಡಬಹುದು, ಸುತ್ತಿದ ರೋಲನ್ನು ಬೇಡ. ತಣ್ಣಗಾದ ಪಲ್ಯವನ್ನು ಜಿಪ್ ಚೀಲದಲ್ಲಿ ತೆಳ್ಳಗೆ ಒತ್ತಿ, ಗಾಳಿ ತೆಗೆದು, ದಿನಾಂಕ ಬರೆದಿಟ್ಟರೆ ಎರಡು ತಿಂಗಳು ರುಚಿ ಕೆಡುವುದಿಲ್ಲ. ಹಿಂದಿನ ರಾತ್ರಿ ಅದನ್ನು ಫ್ರಿಜ್ಜಿನ ಕೆಳಗಿನ ಹಲಗೆಗೆ ಇಳಿಸಿದರೆ ಬೆಳಿಗ್ಗೆ ಹೊತ್ತಿಗೆ ಕರಗಿರುತ್ತದೆ. ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ಅರೆಬೆಂದ ಚಪಾತಿಗಳನ್ನು ನಡುನಡುವೆ ಬಟರ್ ಪೇಪರ್ ಇಟ್ಟು ಫ್ರೀಜ್ ಮಾಡಿಕೊಂಡವರಿಗೆ ಬೆಳಗಿನ ಕೆಲಸ ಹತ್ತು ನಿಮಿಷಕ್ಕೆ ಇಳಿಯುತ್ತದೆ.

ವಿದೇಶದಲ್ಲಿದ್ದೇವೆ, ಚಪಾತಿ ಲಟ್ಟಿಸುವ ಪುರುಸೊತ್ತಿಲ್ಲ. ಅಂಗಡಿಯ ಟೋರ್ಟಿಯಾ ನಡೆಯುತ್ತದೆಯೇ?

ಗೋಧಿಯದಾದರೆ ನಡೆಯುತ್ತದೆ, ಮೆಕ್ಕೆಜೋಳದ್ದು ಸುತ್ತಿದರೆ ಬಿರಿಯುತ್ತದೆ. ಗೋಧಿ ಟೋರ್ಟಿಯಾದಲ್ಲಿ ಕೊಬ್ಬು ಹೆಚ್ಚಿರುವುದರಿಂದ ಅದು ನಮ್ಮ ಚಪಾತಿಗಿಂತ ಹೆಚ್ಚು ಹೊತ್ತು ಬಗ್ಗುವಂತೆ ಇರುತ್ತದೆ; ಬಳಸುವ ಮುನ್ನ ಒಣ ಕಾವಲಿಯ ಮೇಲೆ ಮಗ್ಗುಲಿಗೆ 20 ಸೆಕೆಂಡು ಬಿಸಿ ಮಾಡಿದರೆ ಹಸಿ ಹಿಟ್ಟಿನ ವಾಸನೆ ಹೋಗುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಬೇಯಿಸಿಯೇ ಮಾರುವ ಇಡೀ ಕೋಳಿಯ ಮಾಂಸ ಬಿಡಿಸಿ, ಈರುಳ್ಳಿ, ಬ್ಯಾಡಗಿ ಪುಡಿ, ಕಾಳುಮೆಣಸಿನೊಂದಿಗೆ ಐದು ನಿಮಿಷ ಹುರಿದರೆ ನೆನೆಸುವ ಕೆಲಸವೂ ತಪ್ಪುತ್ತದೆ. ಆ ಕೋಳಿಗೆ ಆಗಲೇ ಉಪ್ಪು ಹಾಕಿರುತ್ತಾರೆ, ಕೈ ಬಿಗಿಹಿಡಿಯಿರಿ.

ಕಚೇರಿಯ ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಚಪಾತಿ ರಬ್ಬರಿನಂತಾಗುತ್ತದೆ. ಪರಿಹಾರವಿದೆಯೇ?

ಮಾಂಸಕ್ಕೆ ಬೇಕಾದಷ್ಟು ಹೊತ್ತು ಚಪಾತಿಯನ್ನೂ ಒಳಗಿಡುವುದರಿಂದ ಹೀಗಾಗುತ್ತದೆ. ಅಲ್ಯೂಮಿನಿಯಂ ಹಾಳೆ ಇದ್ದರೆ ತೆಗೆದುಹಾಕಿ, ರೋಲನ್ನು ಬಿಡಿಸಿ, ಪಲ್ಯವನ್ನು ಮಾತ್ರ ಪಿಂಗಾಣಿ ತಟ್ಟೆಯಲ್ಲಿ ಹಬೆಯಾಡುವವರೆಗೆ, ಅಂದರೆ ಒಂದು ಒಂದೂವರೆ ನಿಮಿಷ, ನಡುವೆ ಒಮ್ಮೆ ಕಲಕಿ ಬಿಸಿ ಮಾಡಿ. ಚಪಾತಿಯನ್ನು ಒದ್ದೆ ಟಿಶ್ಯೂವಿನಲ್ಲಿ ಸುತ್ತಿ 15 ಸೆಕೆಂಡು ಮಾತ್ರ ಇಟ್ಟು, ಕೂಡಲೇ ಸುತ್ತಿ ತಿನ್ನಿ; ತಣ್ಣಗಾಗಲು ಬಿಟ್ಟು ಮಾತಿಗೆ ಕುಳಿತರೆ ಅದು ಮೊದಲಿಗಿಂತ ಬಿರುಸಾಗುತ್ತದೆ.